ಪುಟಾಣಿ ಜೆಟ್: ಜೇಬಿಗೆ ಭಾರವಾಗದ ಹಾರಾಟ

ಎರಡು ವರ್ಷಕ್ಕೊಮ್ಮೆ ಬೆಂಗಳೂರಿನ ಯಲಹಂಕ ವಾಯುನೆಲೆಯಲ್ಲಿ ಏರೋ ಇಂಡಿಯಾ ಪ್ರದರ್ಶನ ನಡೆಯುತ್ತದೆ. 1996ರಲ್ಲಿ ಆರಂಭವಾದ ಈ ಪ್ರದರ್ಶನ ನೋಡಿ ಮನೆಗೆ ಮರಳುವ ಮಕ್ಕಳ ಕತ್ತು ನೋಯುತ್ತಿರುತ್ತದೆ, ಕಿವಿ ಗುಂಯ್‌ಗುಡುತ್ತಿರುತ್ತದೆ. ಮರುದಿನ ಬೆಳಿಗ್ಗೆ ಕಾಫಿ ಲೋಟ ಹಿಡಿದು ಕೂತ ತಂದೆಯ ಮುಂದೆ ಬೇಡಿಕೆಯೊಂದು ಬಂದು ನಿಲ್ಲುತ್ತದೆ: ‘ಅಪ್ಪಾ, ನನಗೂ ಒಂದು ರಿಮೋಟ್ ಜೆಟ್ ಬೇಕು.’

ತಂದೆ ವಿಚಾರಿಸುತ್ತಾರೆ. ನಿಜವಾದ ಟರ್ಬೈನ್ ಎಂಜಿನ್ ಇರುವ ಮಾದರಿ ಜೆಟ್ ಆದರೆ ಎಂಜಿನ್ನಿಗೇ ಲಕ್ಷ ರೂಪಾಯಿ ದಾಟುತ್ತದೆ ಎಂಬ ಉತ್ತರ ಸಿಗುತ್ತದೆ. ಮಾತು ಅಲ್ಲಿಗೆ ನಿಲ್ಲುತ್ತದೆ.

ಆದರೆ ಅದು ಅಲ್ಲಿಗೆ ನಿಲ್ಲಬೇಕಾಗಿಲ್ಲ. ಮಾದರಿ ಜೆಟ್‌ಗಳ ಇತಿಹಾಸವೇ ಹಣ ಉಳಿಸಿದವರ ಇತಿಹಾಸ. ಎಲ್ಲಿ ಉಳಿಸಬಹುದು, ಎಲ್ಲಿ ಉಳಿಸಲೇಬಾರದು ಎಂಬುದನ್ನು ತಿಳಿದರೆ ಪ್ರೌಢಶಾಲೆಯ ಹುಡುಗ ಹುಡುಗಿಯರೂ ತ್ರಿಕೋನ ರೆಕ್ಕೆಯ ಜೆಟ್ ಒಂದನ್ನು ಕೈಯಾರೆ ಕಟ್ಟಿ ಹಾರಿಸಬಹುದು.

ಮರದ ಚಕ್ರ, ಗ್ಯಾಸ್ ಡಬ್ಬಿ

ಗ್ಯಾಸ್ ಟರ್ಬೈನ್ ಎಂಜಿನ್ನಿನ ರೇಡಿಯೊ ನಿಯಂತ್ರಿತ ಮಾದರಿ ವಿಮಾನ ಮೊದಲ ಬಾರಿ ಹಾರಿದ್ದು 1983ರ ಮಾರ್ಚ್‌ನಲ್ಲಿ, ಇಂಗ್ಲೆಂಡಿನಲ್ಲಿ. ಜೆರ್ರಿ ಜಾಕ್‌ಮನ್ ಮತ್ತು ಅವರ ಸಂಗಡಿಗರು ವರ್ಷಗಟ್ಟಲೆ ದುಡಿದು ಅದನ್ನು ಸಾಧಿಸಿದ್ದರು. ಆದರೆ ಅಂಥ ಎಂಜಿನ್ ಸಾಮಾನ್ಯ ಹವ್ಯಾಸಿಯ ಕೈಗೆ ಎಟಕುವಂತಿರಲಿಲ್ಲ.

ಅದನ್ನು ಎಟಕುವಂತೆ ಮಾಡಿದವರು ಜರ್ಮನಿಯ ಕುರ್ಟ್ ಶ್ರೆಕ್ಲಿಂಗ್. ಗಾಳಿಯನ್ನು ಒತ್ತಿ ಒಳಗೆ ತಳ್ಳುವ ಕಂಪ್ರೆಸರ್ ಚಕ್ರವನ್ನು ದುಬಾರಿ ಯಂತ್ರಗಳಲ್ಲಿ ಕೊರೆಸುವ ಬದಲು ಅವರು ಪ್ಲೈವುಡ್‌ನಿಂದ ಮಾಡಿದರು! ತಿರುಗುವ ರಭಸಕ್ಕೆ ಅದು ಸಿಡಿದುಹೋಗದಂತೆ ಕಾರ್ಬನ್ ನಾರು ಸುತ್ತಿ ಅಂಟು ಹಾಕಿದರು. ಬಿಸಿ ಅನಿಲಕ್ಕೆ ಮೈಯೊಡ್ಡುವ ಟರ್ಬೈನ್ ಚಕ್ರವನ್ನು ಉಕ್ಕಿನ ತಗಡಿನಿಂದ ಕತ್ತರಿಸಿ, ಅದರ ಅಲಗುಗಳನ್ನು ಕೈಯಿಂದಲೇ ತಿರುಚಿದರು. ಈ ಬಗೆಯ ಅವರ ‘ಎಫ್‌ಡಿ 3/64’ ಎಂಜಿನ್ ನಿಮಿಷಕ್ಕೆ 70 ಸಾವಿರಕ್ಕೂ ಮಿಕ್ಕಿ ಸುತ್ತು ತಿರುಗಿ, ಎರಡು ಕಿಲೋಗೂ ಹೆಚ್ಚು ತೂಕವನ್ನು ಎತ್ತಬಲ್ಲಷ್ಟು ನೂಕುಬಲ ಕೊಡುತ್ತಿತ್ತು. 1990ರ ದಶಕದ ಆರಂಭದಲ್ಲಿ ಅವರ ಪುಸ್ತಕ ಹೊರಬಂದಾಗ ಮನೆಯ ಹಿಂದಿನ ಷೆಡ್ಡುಗಳಲ್ಲಿ ಎಂಜಿನ್ ಕಟ್ಟುವವರ ಗುಂಪೇ ಹುಟ್ಟಿಕೊಂಡಿತು.

ನಂತರ ಶ್ರೆಕ್ಲಿಂಗ್ ಮತ್ತು ಹೆಸೂಸ್ ಆರ್ಟೆಸ್ ಸೇರಿ ಇನ್ನೊಂದು ಜಾಣತನ ಮಾಡಿದರು. ವಾಹನಗಳ ಟರ್ಬೊಚಾರ್ಜರ್‌ನಲ್ಲಿ ಗಾಳಿ ಒತ್ತುವ ಸಿದ್ಧ ಚಕ್ರ ಇದ್ದೇ ಇರುತ್ತದೆ. ಅದೇ 66 ಮಿ.ಮೀ. ಚಕ್ರವನ್ನು ಬಳಸಿದ ಎಂಜಿನ್ ‘ಕೆಜೆ–66’ ಎಂದು ಹೆಸರಾಯಿತು. ಅದರ ಹೊರಕವಚಕ್ಕೆ ಆರಿಸಿಕೊಂಡದ್ದು ಪ್ರವಾಸಿಗರು ಅಡುಗೆಗೆ ಬಳಸಿ ಎಸೆಯುವ ಗ್ಯಾಸ್ ಡಬ್ಬಿ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಟರ್ಬೈನ್ ಕಟ್ಟುವುದು ವಿದ್ಯಾರ್ಥಿಗಳ ಕೆಲಸವಲ್ಲ. ಅಷ್ಟು ವೇಗದಲ್ಲಿ ತಿರುಗುವ ಚಕ್ರ ಬಿರಿದರೆ ಅದರ ತುಂಡುಗಳು ಗುಂಡಿನಂತೆ ಹಾರುತ್ತವೆ. ಈ ಇಬ್ಬರಿಂದ ಕಲಿಯಬೇಕಾದದ್ದು ಎಂಜಿನ್ನನ್ನಲ್ಲ, ಅವರ ಯೋಚನೆಯ ದಾರಿಯನ್ನು. ಪ್ರತಿ ಭಾಗಕ್ಕೂ ‘ಇದರ ಕೆಲಸ ಏನು? ಆ ಕೆಲಸವನ್ನು ಮಾಡಬಲ್ಲ ಅಗ್ಗದ ವಸ್ತು ಯಾವುದು?’ ಎಂದು ಅವರು ಕೇಳಿಕೊಂಡರು. ಎಲ್ಲಿ ಬಲ ಬೇಕೋ ಅಲ್ಲಿ ಮಾತ್ರ ಹಣ ಸುರಿದರು.

ಹೆಸರು ಜೆಟ್, ಕೆಲಸ ಪ್ರೊಪೆಲ್ಲರಿನದು

ಟರ್ಬೈನ್ ಬೇಡವಾದರೆ ಉಳಿಯುವುದು ವಿದ್ಯುತ್ ಮೋಟಾರು. ಇದರಲ್ಲಿ ಎರಡು ದಾರಿ. ಒಂದು, ಕೊಳವೆಯೊಳಗೆ ತಿರುಗುವ ಪುಟ್ಟ ಫ್ಯಾನ್. ನೋಡಲೂ ಕೇಳಲೂ ಇದು ಥೇಟ್ ಜೆಟ್. ಇನ್ನೊಂದು, ವಿಮಾನದ ಹಿಂಭಾಗದಲ್ಲಿ ಸೀಳು ಕೊರೆದು ಅದರಲ್ಲಿ ಸಾಧಾರಣ ಪ್ರೊಪೆಲ್ಲರ್ ತಿರುಗಿಸುವುದು. ಹಾರುವಾಗ ಪ್ರೊಪೆಲ್ಲರ್ ಕಣ್ಣಿಗೆ ಕಾಣುವುದಿಲ್ಲ. ಆಕೃತಿ ಮಾತ್ರ ಜೆಟ್.

ಎರಡನೆಯದೇ ಅಗ್ಗ. ಕಾರಣ ಒಂಬತ್ತು, ಹತ್ತನೆಯ ತರಗತಿಯ ವಿಜ್ಞಾನದಲ್ಲೇ ಇದೆ. ವಿಮಾನ ಮುಂದಕ್ಕೆ ಹೋಗುವುದು ಗಾಳಿಯನ್ನು ಹಿಂದಕ್ಕೆ ತಳ್ಳುವುದರಿಂದ. ನೂಕುಬಲ ಬರುವುದು ಸಂವೇಗದಿಂದ, ಅಂದರೆ ತಳ್ಳಿದ ಗಾಳಿಯ ದ್ರವ್ಯರಾಶಿ ಮತ್ತು ಅದರ ವೇಗದ ಗುಣಲಬ್ಧದಿಂದ. ಆದರೆ ಖರ್ಚಾಗುವ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಅರ್ಧದಷ್ಟೇ ಗಾಳಿಯನ್ನು ಎರಡು ಪಟ್ಟು ವೇಗದಲ್ಲಿ ತಳ್ಳಿದರೆ ಸಿಗುವ ನೂಕುಬಲ ಅಷ್ಟೇ. ಖರ್ಚಾಗುವ ಶಕ್ತಿ ಮಾತ್ರ ಎರಡರಷ್ಟು!

64 ಮಿ.ಮೀ. ಫ್ಯಾನಿಗೆ ಹೋಲಿಸಿದರೆ ಆರು ಅಂಗುಲದ ಪ್ರೊಪೆಲ್ಲರ್ ಗುಡಿಸುವ ವೃತ್ತದ ವಿಸ್ತೀರ್ಣ ಐದೂವರೆ ಪಟ್ಟು ದೊಡ್ಡದು. ಹೆಚ್ಚು ಗಾಳಿಯನ್ನು ನಿಧಾನವಾಗಿ ತಳ್ಳುವುದರಿಂದ ಅದೇ ಬ್ಯಾಟರಿಯಲ್ಲಿ ಹೆಚ್ಚು ಹೊತ್ತು ಹಾರಬಹುದು. ಸಣ್ಣ ಬ್ಯಾಟರಿ, ಸಣ್ಣ ವೇಗನಿಯಂತ್ರಕ ಸಾಕಾಗುತ್ತದೆ. ಫ್ಯಾನ್ ಜೆಟ್‌ನ ಸದ್ದಿಗಾಗಿ ಕೊಡುವ ಬೆಲೆ ಸಾಮಾನ್ಯವಲ್ಲ.

ಕಲಿಯುವವರ ಜೆಟ್‌ಗೆ ಬೇಕಾದದ್ದು ಇಷ್ಟು: ನಿಮಿಷಕ್ಕೆ ಪ್ರತಿ ವೋಲ್ಟಿಗೆ ಸುಮಾರು 2,200 ಸುತ್ತು ತಿರುಗುವ ಬ್ರಷ್‌ಲೆಸ್ ಮೋಟಾರು, ಆರು ಅಂಗುಲದ ಪ್ರೊಪೆಲ್ಲರ್, 30 ಆಂಪಿಯರ್ ವೇಗನಿಯಂತ್ರಕ, ಒಂಬತ್ತು ಗ್ರಾಂನ ಎರಡು ಸರ್ವೊ, ಮೂರು ಕೋಶಗಳ ಲಿಥಿಯಂ ಪಾಲಿಮರ್ ಬ್ಯಾಟರಿ, ಟ್ರಾನ್ಸ್‌ಮಿಟರ್, ರಿಸೀವರ್ ಮತ್ತು ಚಾರ್ಜರ್. ತ್ರಿಕೋನ ರೆಕ್ಕೆಗೆ ಎರಡೇ ಸರ್ವೊ ಸಾಕು. ಹಿಂಬದಿಯ ಎರಡು ಮಡಿಕೆಗಳು ಒಟ್ಟಿಗೆ ಏರಿದರೆ ಮೂತಿ ಮೇಲೇಳುತ್ತದೆ. ಒಂದು ಏರಿ ಇನ್ನೊಂದು ಇಳಿದರೆ ವಿಮಾನ ಪಕ್ಕಕ್ಕೆ ವಾಲುತ್ತದೆ. ಎರಡೂ ಕೆಲಸವನ್ನು ಬೆರೆಸಿ ಕಳಿಸುವ ಸೌಲಭ್ಯ ಇಂದಿನ ಸಾಧಾರಣ ಟ್ರಾನ್ಸ್‌ಮಿಟರ್‌ನಲ್ಲೂ ಇರುತ್ತದೆ. ಟ್ರಾನ್ಸ್‌ಮಿಟರ್, ಚಾರ್ಜರುಗಳನ್ನು ಒಮ್ಮೆ ಕೊಂಡರೆ ಮುಂದಿನ ಹತ್ತು ವಿಮಾನಗಳಿಗೂ ಅವೇ ಆಗುತ್ತವೆ. ಇಬ್ಬರು ಮೂವರು ಗೆಳೆಯರು ಸೇರಿ ಕೊಂಡರೆ ಇನ್ನೂ ಹಗುರ.

ಮನೆಯಲ್ಲೇ ಇರುವ ಸಾಮಗ್ರಿ

ವಿಮಾನದ ಮೈಗೆ ಸ್ಟೇಷನರಿ ಅಂಗಡಿಯ ಐದು ಮಿ.ಮೀ. ಫೋಮ್ ಬೋರ್ಡ್ ಸಾಕು. ಥರ್ಮೊಕೋಲ್ ಹಗುರ, ಆದರೆ ಬೇಗ ಮುರಿಯುತ್ತದೆ. ಜಾಹೀರಾತು ಫಲಕಗಳಿಗೆ ಬಳಸುವ, ಒಳಗೆ ಟೊಳ್ಳಿರುವ ಪ್ಲಾಸ್ಟಿಕ್ ಹಾಳೆ ಗಟ್ಟಿ, ಆದರೆ ಭಾರ. ಅದನ್ನು ನೆಲಕ್ಕೆ ಉಜ್ಜುವ ಹೊಟ್ಟೆಯ ಭಾಗಕ್ಕೆ ಮಾತ್ರ ಬಳಸುವುದು ಲೇಸು.

ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ನಕ್ಷೆ ಬರೆದು ಕತ್ತರಿಸಿಟ್ಟುಕೊಂಡರೆ ಎಷ್ಟು ವಿಮಾನಕ್ಕಾದರೂ ಅದೇ ಅಚ್ಚು. ರೆಕ್ಕೆ ಬಾಗದಂತೆ ತಡೆಯಲು ಅಡ್ಡಲಾಗಿ ಬಿದಿರಿನ ಸೀಳೊಂದನ್ನು ಹುದುಗಿಸಬೇಕು. ಸರ್ವೊದಿಂದ ಮಡಿಕೆಗೆ ಚಲನೆ ಒಯ್ಯುವ ಕಡ್ಡಿ ಹಳೆಯ ಛತ್ರಿಯಿಂದ ಸಿಗುತ್ತದೆ. ಆ ಕಡ್ಡಿ ಹಿಡಿಯುವ ಪುಟ್ಟ ಕೊಂಬನ್ನು ಅವಧಿ ಮುಗಿದ ಎಟಿಎಂ ಕಾರ್ಡಿನಿಂದ ಕತ್ತರಿಸಬಹುದು. ಮಡಿಕೆಗೆ ತಿರುಗಣಿ ಬೇಡ. ಮೇಲೊಂದು ಅಂಟುಪಟ್ಟಿ ಹಚ್ಚಿದರೆ ಸಾಕು.

ಅಂಟಿನ ವಿಷಯದಲ್ಲಿ ಅನೇಕರು ಎಡವುತ್ತಾರೆ. ಕ್ಷಣದಲ್ಲಿ ಹಿಡಿಯುವ ಸಾಮಾನ್ಯ ಸೂಪರ್ ಗ್ಲೂ ಥರ್ಮೊಕೋಲನ್ನು ಕರಗಿಸಿಬಿಡುತ್ತದೆ. ಸ್ಪ್ರೇ ಪೇಂಟ್, ಥಿನ್ನರ್, ಪೆಟ್ರೋಲುಗಳದೂ ಅದೇ ಕತೆ. ಮರಗೆಲಸದ ಬಿಳಿ ಅಂಟು ನಿಧಾನವಾಗಿ ಒಣಗಿದರೂ ಹಗುರವಾಗಿ, ಗಟ್ಟಿಯಾಗಿ ಹಿಡಿಯುತ್ತದೆ. ಬೇಗ ಹಿಡಿಯಬೇಕಾದಲ್ಲಿ ಬಿಸಿ ಅಂಟಿನ ಗನ್ ಸರಿ; ಆದರೆ ಅದರ ಅಂಟು ಭಾರ. ಬಣ್ಣಕ್ಕೆ ಬಣ್ಣದ ಅಂಟುಪಟ್ಟಿಯೇ ಉತ್ತಮ. ರೆಕ್ಕೆಯ ಮುಂಚೂಣಿಗೆ ಸುತ್ತಿದ ಪಟ್ಟಿ ಅಂದವನ್ನೂ ಕೊಡುತ್ತದೆ, ಕಲ್ಲುಮುಳ್ಳಿನಿಂದ ರಕ್ಷಣೆಯನ್ನೂ ಕೊಡುತ್ತದೆ.

ಭಾರವೇ ಖರ್ಚು

‘ಗಟ್ಟಿಯಾಗಿ ಕಟ್ಟಿದರೆ ಮುರಿಯುವುದಿಲ್ಲ’ ಎಂಬುದು ಎಲ್ಲರ ಎಣಿಕೆ. ಲೆಕ್ಕ ಹಾಕಿದರೆ ಬೇರೆಯೇ ಉತ್ತರ ಬರುತ್ತದೆ.

ಮೂತಿಯಿಂದ ಬಾಲದವರೆಗೆ 60 ಸೆಂ.ಮೀ. ಉದ್ದ, 70 ಸೆಂ.ಮೀ. ಅಗಲದ ತ್ರಿಕೋನ ರೆಕ್ಕೆಯ ವಿಸ್ತೀರ್ಣ 2,100 ಚದರ ಸೆಂ.ಮೀ. ವಿಮಾನದ ತೂಕ 600 ಗ್ರಾಂ ಎಂದಿಟ್ಟುಕೊಳ್ಳೋಣ. ಅದು ಆಯ ತಪ್ಪದೆ ತೇಲಲು ಗಂಟೆಗೆ 26–27 ಕಿ.ಮೀ. ಕನಿಷ್ಠ ವೇಗ ಬೇಕಾಗುತ್ತದೆ. ಹೆಚ್ಚು ಅಂಟು, ಹೆಚ್ಚು ಕಡ್ಡಿ, ಎರಡು ಪದರ ಬಣ್ಣ ಎಂದು ತೂಕವನ್ನು 900 ಗ್ರಾಂಗೆ ಏರಿಸಿದರೆ ಆ ವೇಗ 33 ಕಿ.ಮೀ. ಸಮೀಪಕ್ಕೆ ಏರುತ್ತದೆ. ಏಕೆಂದರೆ ತೂಕ ಎಷ್ಟು ಪಟ್ಟು ಏರಿತೋ ವೇಗದ ವರ್ಗವೂ ಅಷ್ಟು ಪಟ್ಟು ಏರಬೇಕು.

ಈಗ ವಿಮಾನ ನೆಲಕ್ಕೆ ಬಡಿಯಿತೆನ್ನಿ. ಚಲನಶಕ್ತಿಯಲ್ಲಿ ದ್ರವ್ಯರಾಶಿ ಒಂದೂವರೆ ಪಟ್ಟು, ವೇಗದ ವರ್ಗವೂ ಒಂದೂವರೆ ಪಟ್ಟು. ಒಟ್ಟು ಪೆಟ್ಟು ಎರಡೂ ಕಾಲು ಪಟ್ಟು! ಗಟ್ಟಿ ಮಾಡಲು ಹೋಗಿ ಪೆಟ್ಟನ್ನೇ ದೊಡ್ಡದು ಮಾಡಿದಂತಾಯಿತು. ಹಗುರ ವಿಮಾನ ನಿಧಾನವಾಗಿ ಇಳಿಯುತ್ತದೆ, ಬಿದ್ದರೂ ಪುಟಿದು ಉಳಿಯುತ್ತದೆ. ಅಡುಗೆಮನೆಯ ಸಣ್ಣ ತಕ್ಕಡಿಯಲ್ಲಿ ಪ್ರತಿ ಭಾಗವನ್ನೂ ತೂಗಿ ಬರೆದಿಡುವುದು ಹಣ ಉಳಿಸುವ ಮೊದಲ ಅಭ್ಯಾಸ.

ಬಾಲದ ಭಾರಕ್ಕೆ ದಂಡ ಇನ್ನೂ ಹೆಚ್ಚು. ಇದು ಸನ್ನೆಯ ತತ್ವ. ಗುರುತ್ವಕೇಂದ್ರ ಮೂತಿಯಿಂದ 26 ಸೆಂ.ಮೀ. ದೂರದಲ್ಲಿದ್ದರೆ ಬಾಲದ ತುದಿ ಅದರಿಂದ 34 ಸೆಂ.ಮೀ. ಹಿಂದಿರುತ್ತದೆ. ಬಾಲದಲ್ಲಿ ಹತ್ತು ಗ್ರಾಂ ಹೆಚ್ಚಾದರೆ ಮೂತಿಯಲ್ಲಿ 13 ಗ್ರಾಂ ಸೇರಿಸಬೇಕು. ಒಟ್ಟು 23 ಗ್ರಾಂ ವ್ಯರ್ಥ. ಆದ್ದರಿಂದ ಸಮತೋಲಕ್ಕೆ ಸೀಸದ ತುಂಡು ಕಟ್ಟುವ ಬದಲು ಬ್ಯಾಟರಿಯನ್ನೇ ಹಿಂದೆ ಮುಂದೆ ಸರಿಸುವಂತೆ ಜಾಗ ಬಿಟ್ಟಿರಬೇಕು.

ಮೊದಲು ರಟ್ಟಿನ ಮರಿ

ಹೊಸ ವಿಮಾನಗಳಲ್ಲಿ ಅನೇಕವು ಮೊದಲ ಹಾರಾಟದಲ್ಲೇ ಬೀಳುವುದು ಗುರುತ್ವಕೇಂದ್ರ ತಪ್ಪಾಗಿದ್ದರಿಂದ. ವಾರಗಟ್ಟಲೆ ಕಟ್ಟಿದ್ದು ಮೂರು ಸೆಕೆಂಡಿನಲ್ಲಿ ಚೂರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆ ಇವರಿಗಾಗಿಯೇ ಹುಟ್ಟಿದಂತಿದೆ.

ಇದನ್ನು ತಪ್ಪಿಸುವ ಉಪಾಯಕ್ಕೆ ಕಾಸೂ ಖರ್ಚಿಲ್ಲ. ಮೂರನೇ ಒಂದು ಅಳತೆಯ ಮರಿಯೊಂದನ್ನು ರಟ್ಟಿನಲ್ಲಿ ಕತ್ತರಿಸಬೇಕು. ಸರಳ ತ್ರಿಕೋನ ರೆಕ್ಕೆಗೆ ಎತ್ತುವ ಬಲ ಒಟ್ಟಾಗಿ ವರ್ತಿಸುವ ಬಿಂದು ಸುಮಾರಾಗಿ ನಡುಗೆರೆಯ ಅರ್ಧದಲ್ಲಿರುತ್ತದೆ. ಗುರುತ್ವಕೇಂದ್ರ ಅದಕ್ಕಿಂತ ಮುಂದೆ ಇದ್ದರೆ ಮಾತ್ರ ವಿಮಾನ ಸ್ಥಿರ. 20 ಸೆಂ.ಮೀ. ಮರಿಗೆ ಮೂತಿಯಿಂದ ಎಂಟೂವರೆ ಸೆಂ.ಮೀ. ಆಸುಪಾಸಿನಲ್ಲಿ ಸಮತೋಲ ಬರುವಂತೆ ಮೂತಿಗೆ ಕಾಗದದ ಕ್ಲಿಪ್ಪುಗಳನ್ನು ಸಿಕ್ಕಿಸಬೇಕು. ಬಾಲವಿಲ್ಲದ ರೆಕ್ಕೆಯಾದ್ದರಿಂದ ಹಿಂಚೂಣಿಯನ್ನು ಕೂದಲೆಳೆಯಷ್ಟು ಮೇಲಕ್ಕೆ ಬಗ್ಗಿಸಬೇಕು. ನಂತರ ಮನೆಯ ಹಜಾರದಲ್ಲೇ ಮೆಲ್ಲಗೆ ತೇಲಿಬಿಡಬೇಕು.

ಮೂತಿ ಎತ್ತಿ ನಿಂತು ಬಿದ್ದರೆ ಭಾರ ಮುಂದಕ್ಕೆ. ನೇರ ನೆಲಕ್ಕೆ ನುಗ್ಗಿದರೆ ಹಿಂದಕ್ಕೆ. ಸೊಗಸಾಗಿ ತೇಲಿದಾಗ ಆ ಬಿಂದುವನ್ನು ಅಳೆದು ಮೂರರಿಂದ ಗುಣಿಸಿದರೆ ದೊಡ್ಡ ವಿಮಾನದ ಬಿಂದು ಸಿಕ್ಕಿತು. 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲ ಬಾರಿ ಹಾರಿದ ತೇಜಸ್ ಕೂಡ ಬಾಲದ ಅಡ್ಡರೆಕ್ಕೆ ಇಲ್ಲದ ತ್ರಿಕೋನ ರೆಕ್ಕೆಯದು. ಅದರ ಸ್ಥಿರತೆಯನ್ನು ಕಂಪ್ಯೂಟರ್ ಕಾಯುತ್ತದೆ. ವಿದ್ಯಾರ್ಥಿಯ ಜೆಟ್‌ನಲ್ಲಿ ಆ ಕೆಲಸ ಕ್ಲಿಪ್ಪಿನದು!

ಇನ್ನೊಂದು ಮಾತು. ಜೆಟ್ ಯಾರಿಗೂ ಮೊದಲ ವಿಮಾನವಾಗಬಾರದು. ಕಂಪ್ಯೂಟರಿನ ಸಿಮ್ಯುಲೇಟರಿನಲ್ಲಿ ನೂರು ಸಲ ಬೀಳಿಸಿದರೂ ಕಳೆದುಕೊಳ್ಳುವುದು ಏನೂ ಇಲ್ಲ. ಆಮೇಲೆ ಎತ್ತರದ ರೆಕ್ಕೆಯ ನಿಧಾನದ ವಿಮಾನ, ಕೊನೆಗೆ ಜೆಟ್.

ಜಿಪುಣತನ ಸಲ್ಲದ ಜಾಗಗಳು

ಮೈಗೆ, ಬಣ್ಣಕ್ಕೆ, ಕಡ್ಡಿಗೆ ಎಷ್ಟು ಉಳಿಸಿದರೂ ತಪ್ಪಿಲ್ಲ. ಆದರೆ ಮೂರು ಕಡೆ ಉಳಿಸಿದ ನೂರು ರೂಪಾಯಿ ಸಾವಿರ ಕೇಳುತ್ತದೆ. ಕೆಲವೊಮ್ಮೆ ಮನೆಯನ್ನೇ ಕೇಳುತ್ತದೆ.

ಮೊದಲನೆಯದು ಬ್ಯಾಟರಿ ಮತ್ತು ಚಾರ್ಜರ್. ಲಿಥಿಯಂ ಪಾಲಿಮರ್ ಕೋಶ ಪೂರ್ಣ ತುಂಬಿದಾಗ 4.2 ವೋಲ್ಟ್. ಅದನ್ನು ಮೀರಿ ತುಂಬಿದರೆ ಬೆಂಕಿ ಹೊತ್ತಿಕೊಳ್ಳಬಹುದು. ಮೂರು ಕೋಶಗಳನ್ನೂ ಬೇರೆ ಬೇರೆಯಾಗಿ ಅಳೆದು ಸಮವಾಗಿ ತುಂಬುವ ಚಾರ್ಜರನ್ನೇ ಕೊಳ್ಳಬೇಕು. ಬೈಕಿನ ಬ್ಯಾಟರಿಯ ಚಾರ್ಜರ್, ಮನೆಯಲ್ಲಿ ಬಿದ್ದಿರುವ ಅಡಾಪ್ಟರ್ ಯಾವ ಕಾರಣಕ್ಕೂ ಬೇಡ. 2,200 ಮಿಲಿಆಂಪಿಯರ್ ಗಂಟೆಯ ಬ್ಯಾಟರಿಗೆ 2.2 ಆಂಪಿಯರ್ ಮೀರದ ಚಾರ್ಜು ಸುರಕ್ಷಿತ. ಹಾಸಿಗೆ, ಪರದೆಗಳಿಂದ ದೂರ, ಕಲ್ಲು ಅಥವಾ ಹೆಂಚಿನ ಮೇಲೆ ಇಟ್ಟು ಚಾರ್ಜ್ ಮಾಡಬೇಕು; ಮರಳು ತುಂಬಿದ ಬಕೆಟ್ ಪಕ್ಕದಲ್ಲಿರಬೇಕು. ಚಾರ್ಜಿಗೆ ಹಾಕಿ ಮಲಗುವುದು, ಮನೆ ಬಿಟ್ಟು ಹೋಗುವುದು ಖಂಡಿತ ಕೂಡದು. ಈ ಒಂದು ವಿಷಯದಲ್ಲಿ ತಂದೆ ತಾಯಿ ಖುದ್ದು ನಿಂತು ನೋಡಬೇಕು.

ಎರಡನೆಯದು ಪ್ರೊಪೆಲ್ಲರ್. ನಿಮಿಷಕ್ಕೆ 18 ಸಾವಿರ ಸುತ್ತು ತಿರುಗುವ ಆರು ಅಂಗುಲದ ಪ್ರೊಪೆಲ್ಲರಿನ ತುದಿ ಗಂಟೆಗೆ 500 ಕಿ.ಮೀ. ಮೀರಿದ ವೇಗದಲ್ಲಿ ಚಲಿಸುತ್ತದೆ. ಬಿರುಕು ಬಿಟ್ಟದ್ದನ್ನು ಅಂಟಿಸಿ ಬಳಸುವುದು ಕಣ್ಣಿಗೆ ಅಪಾಯ. ಬಿರುಕು ಕಂಡ ತಕ್ಷಣ ಮುರಿದು ಬುಟ್ಟಿಗೆ ಹಾಕಬೇಕು. ಮನೆಯೊಳಗೆ ಮೋಟಾರು ಪರೀಕ್ಷಿಸುವಾಗ ಪ್ರೊಪೆಲ್ಲರ್ ಬಿಚ್ಚಿಡಬೇಕು.

ಮೂರನೆಯದು ರೇಡಿಯೊ ಮತ್ತು ಸರ್ವೊ. ಟ್ರಾನ್ಸ್‌ಮಿಟರ್ ಸೆಕೆಂಡ್‌ಹ್ಯಾಂಡ್ ಆದರೂ ಸರಿ, ಪರೀಕ್ಷಿಸಿ ಕೊಳ್ಳಬಹುದು. ಬಿದ್ದು ನೀರು ಕುಡಿದ ರಿಸೀವರ್, ಹಲ್ಲು ಸವೆದು ಕಟಕಟ ಎನ್ನುವ ಸರ್ವೊಗಳನ್ನು ಮಾತ್ರ ಮತ್ತೆ ಹಾರಿಸಬಾರದು. ನೂರಿನ್ನೂರು ರೂಪಾಯಿಯ ಸರ್ವೊ ಕೈಕೊಟ್ಟರೆ ಮೋಟಾರು, ಬ್ಯಾಟರಿ ಎಲ್ಲವೂ ಅದರ ಜೊತೆಗೇ ನೆಲ ಕಚ್ಚುತ್ತವೆ.

ಹಾರಾಟದ ನಂತರದ ಹತ್ತು ನಿಮಿಷ

ಹೆಚ್ಚಿನ ದುರಸ್ತಿ ಖರ್ಚು ಬರುವುದು ಉದಾಸೀನದಿಂದ. ವಿಮಾನ ಇಳಿದ ಕೂಡಲೇ ಬ್ಯಾಟರಿ ಬಿಚ್ಚಿ, ಮೋಟಾರು ಮುಟ್ಟಿ ನೋಡಬೇಕು. ಕೈ ಇಡಲಾಗದಷ್ಟು ಬಿಸಿಯಾಗಿದ್ದರೆ ಪ್ರೊಪೆಲ್ಲರ್ ದೊಡ್ಡದಾಯಿತು ಎಂದರ್ಥ. ಮೋಟಾರಿನೊಳಗಿನ ಕೆಂಪುಮಣ್ಣನ್ನು ಹಳೆಯ ಬಣ್ಣದ ಕುಂಚದಿಂದ ಗುಡಿಸಬೇಕು. ತಿರುಪುಗಳು ಅದುರಿ ಸಡಿಲವಾಗದಂತೆ ಅವುಗಳ ತಲೆಗೆ ಒಂದು ಹನಿ ಉಗುರುಬಣ್ಣ ಹಾಕಿದರೆ ಸಾಕು; ಅದು ಫೋಮಿಗೆ ತಾಗದಂತೆ ನೋಡಿಕೊಳ್ಳಬೇಕು.

ಪ್ರೊಪೆಲ್ಲರನ್ನು ಸೂಜಿಯ ಮೇಲೆ ಅಡ್ಡ ಹಿಡಿದರೆ ಭಾರದ ಅಲಗು ಕೆಳಗೆ ವಾಲುತ್ತದೆ. ಅದನ್ನು ನಯವಾದ ಉಪ್ಪುಕಾಗದದಿಂದ ತುಸು ಉಜ್ಜಿ ಸಮ ಮಾಡಬೇಕು. ಈ ಐದು ನಿಮಿಷದ ಕೆಲಸದಿಂದ ಮೋಟಾರಿನ ಬೇರಿಂಗ್, ಬೆಸುಗೆಗಳು ಹೆಚ್ಚು ಕಾಲ ಬಾಳುತ್ತವೆ.

ಬ್ಯಾಟರಿಯ ಆಯುಷ್ಯ ಹೆಚ್ಚಿಸುವುದೇ ಎಲ್ಲಕ್ಕಿಂತ ದೊಡ್ಡ ಉಳಿತಾಯ. ಅದರಲ್ಲಿ ಐದನೇ ಒಂದು ಭಾಗ ಉಳಿದಿರುವಾಗಲೇ ಇಳಿಸಿಬಿಡಬೇಕು. 2,200 ಮಿಲಿಆಂಪಿಯರ್ ಗಂಟೆಯ ಬ್ಯಾಟರಿಯಲ್ಲಿ ಬಳಸಬಹುದಾದದ್ದು 1,760. ಸರಾಸರಿ 15 ಆಂಪಿಯರ್ ಎಳೆದರೆ ಏಳು ನಿಮಿಷದ ಹಾರಾಟ. ಗಡಿಯಾರ ಇಟ್ಟುಕೊಂಡು ಆರನೇ ನಿಮಿಷಕ್ಕೇ ಇಳಿಸುವವನ ಬ್ಯಾಟರಿ ಬಹುಕಾಲ ಬಾಳುತ್ತದೆ. ವಾರಗಟ್ಟಲೆ ಬಳಸದಿದ್ದರೆ ಪ್ರತಿ ಕೋಶವನ್ನು 3.8 ವೋಲ್ಟಿನ ಹತ್ತಿರ ಇಡಬೇಕು. ಏಪ್ರಿಲ್ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಡಬಾರದು. ಉಬ್ಬಿದ ಬ್ಯಾಟರಿಗೆ ನಿವೃತ್ತಿಯೇ ಸರಿ.

ಎಲ್ಲಿ ಹಾರಿಸುವುದು?

ಮನೆಯ ಮಾಳಿಗೆ, ರಸ್ತೆ, ಜನ ಸೇರುವ ಉದ್ಯಾನ ಇವು ಹಾರಾಟದ ಜಾಗಗಳಲ್ಲ. ಕೊಯ್ಲು ಮುಗಿದ ಹೊಲ, ಬೆಳಗಿನ ಜಾವ ಖಾಲಿ ಇರುವ ದೊಡ್ಡ ಮೈದಾನ ಒಳ್ಳೆಯದು. ಗಾಳಿ ಕಡಿಮೆ ಇರುವ ಮುಂಜಾನೆ ವಿಮಾನವೂ ಉಳಿಯುತ್ತದೆ. ಭಾರತದಲ್ಲಿ 2021ರ ಡ್ರೋನ್ ನಿಯಮಗಳು ರೇಡಿಯೊ ನಿಯಂತ್ರಿತ ಮಾದರಿ ವಿಮಾನಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡಿವೆ. ದೇಶದ ಆಕಾಶವನ್ನು ಹಸಿರು, ಹಳದಿ, ಕೆಂಪು ವಲಯಗಳಾಗಿ ವಿಂಗಡಿಸಲಾಗಿದೆ. ಹಳದಿ, ಕೆಂಪು ವಲಯಗಳಲ್ಲಿ ಅನುಮತಿಯಿಲ್ಲದೆ ಹಾರಿಸುವಂತಿಲ್ಲ. ಬೆಂಗಳೂರಿನಂಥ ಊರಿನಲ್ಲಿ ಯಲಹಂಕ, ಜಕ್ಕೂರು, ಎಚ್‌ಎಎಲ್, ದೇವನಹಳ್ಳಿ ಹೀಗೆ ಸುತ್ತಲೂ ವಿಮಾನ ನಿಲ್ದಾಣಗಳಿರುವುದರಿಂದ ಮೊದಲು ವಲಯದ ನಕ್ಷೆ ನೋಡಿಕೊಳ್ಳಬೇಕು. ದಂಡ ಕಟ್ಟುವುದಕ್ಕಿಂತ ಹತ್ತು ಮೈಲಿ ಬಸ್ಸಿನಲ್ಲಿ ಹೋಗಿ ಹಾರಿಸುವುದು ಅಗ್ಗ!

ಇನ್ನು ಪೋಷಕರಿಗೆ ಒಂದು ಸಲಹೆ. ಹಣ ಕೊಡುವಾಗ ಒಂದು ನೋಟ್‌ಬುಕ್ಕನ್ನೂ ಕೊಡಬೇಕು. ಕೊಂಡದ್ದರ ಬೆಲೆ, ಪ್ರತಿ ಭಾಗದ ತೂಕ, ಹಾರಿದ ನಿಮಿಷ, ಬಿದ್ದರೆ ಬಿದ್ದ ಕಾರಣ ಎಲ್ಲವನ್ನೂ ಮಕ್ಕಳು ಅದರಲ್ಲಿ ಬರೆಯಲಿ. ‘ಗಾಳಿ ಜೋರಿತ್ತು’ ಎಂದು ಬರೆದ ಹುಡುಗ ಮುಂದಿನ ವಾರವೂ ಬೀಳಿಸುತ್ತಾನೆ. ‘ಬ್ಯಾಟರಿ ಒಂದು ಸೆಂ.ಮೀ. ಹಿಂದೆ ಸರಿದಿತ್ತು’ ಎಂದು ಬರೆದ ಹುಡುಗಿ ಆ ಜಾಗಕ್ಕೆ ಒಂದು ಪಟ್ಟಿ ಕಟ್ಟುತ್ತಾಳೆ.

ಮೊದಲ ಜೆಟ್ ಬಹುಶಃ ಬಿದ್ದೇ ಬೀಳುತ್ತದೆ. ಆ ದಿನ ಬೈಯದೆ, ಚೂರುಗಳನ್ನು ಚೀಲಕ್ಕೆ ತುಂಬಿಕೊಂಡು ಬರಬೇಕು. ಮೋಟಾರು, ಸರ್ವೊ, ರಿಸೀವರ್ ಸಾಮಾನ್ಯವಾಗಿ ಉಳಿದಿರುತ್ತವೆ. ಹೋದದ್ದು ಫೋಮ್ ಹಾಳೆ ಮಾತ್ರ. ಅಚ್ಚು ಹೇಗೂ ಹಳೆಯ ಕ್ಯಾಲೆಂಡರಿನಲ್ಲಿದೆ. ಮುಂದಿನ ಭಾನುವಾರಕ್ಕೆ ಇನ್ನೊಂದು ಸಿದ್ಧವಾಗುತ್ತದೆ.